ಹೊಕ್ಕುಳ ಸುತ್ತ ನಾಲ್ಕು

ಚಾಪೆಯ ಮೇಲೆ ಇಳಕಲ್ಲು ಸೀರೆಯ ಕೆಂಪು ಸೆರಗು, ಇಸ್ತ್ರಿಯ ಮಡಿಕೆ ಇನ್ನೂ ನೆಟ್ಟಗಿದೆ, ನಿನ್ನೆ ಸಂಜೆ ಭವಾನಿಯೇ ಕೂತು ಉಜ್ಜಿದ ಇಸ್ತ್ರಿ, ಅತ್ತೆ ವಿರೂಪಾಕ್ಷಮ್ಮ ಅದನ್ನೇ ಉಟ್ಟುಕೊಂಡು ಅಂಗನವಾಡಿಯ ಮೊದಲ ಸಾಲಿನಲ್ಲಿ ಕಾಲು ಮಡಚಿ ಕೂತಿದ್ದಾಳೆ, ಕೂರಲಿ, ಚೆನ್ನಾಗಿ ಕೂರಲಿ, ಎಲ್ಲರಿಗೂ ಮುಖ ಕಾಣುವಂತೆ ಕೂರಲಿ — ನೀವ ಮುಂದ ಕುಂದರಬೇಕ್ರಿ ಅತ್ತಿ, ಸೊಸಿ ಮಾತಾಡೂದು ನೀವ ಕೇಳ್ಲಿಲ್ಲಂದ್ರ ಇನ್ನ್ಯಾರು ಕೇಳಬೇಕು, ಎಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಹೇಳಿದಾಗ ಮುದುಕಿಯ ಮುಖ ಅರಳಿದ್ದು ನೋಡಬೇಕಿತ್ತು, ಓಣಿಯೆಲ್ಲ ಸಾರಿ ಬಂದಳು, ನಮ್ಮ ಭವಾನಿ ಇವತ್ತ ಭಾಷಣ ಮಾಡ್ತಾಳ, ಎಲ್ಲಾರೂ ಬರ್ರಿ. ಬಂದಿದ್ದಾರೆ, ಮೂವತ್ತಕ್ಕೂ ಮೇಲೆ ಹೆಂಗಸರು, ಕಂಕುಳಲ್ಲಿ ಕೂಸುಗಳು, ಒಲೆಯ ಕಡೆಯಿಂದ ಉಪ್ಪಿಟ್ಟಿನ ವಾಸನೆ, ಗೋಡೆಗೊರಗಿ ಎಲೆಅಡಿಕೆ ಮೆಲ್ಲುವ ಹುಲಿಗವ್ವ ಕೂಡ ಬಂದಿದ್ದಾಳೆ, ಹೊಟ್ಟೆನೋವೆಂದರೆ ಬಳೆಚೂರು ಕಾಸಿ ಕೂಸುಗಳ ಹೊಟ್ಟೆಗೆ ಬರೆ ಇಟ್ಟು ಚುಟಿಗಿ ಕೊಡುವ ಹುಲಿಗವ್ವ, ಕರೆಯದೆ ಬಂದಳು, ದೇವರು ದೊಡ್ಡವನು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಸೊಸೆಯ ಕಾಲ ಈ ಕುಕನೂರಿನಲ್ಲಿ ಇವತ್ತು ಹನ್ನೊಂದು ಗಂಟೆಗೆ ಶುರುವಾಗುತ್ತದೆ.

ಮೇಡಂ ಚಾರ್ಟು ತೂಗುಹಾಕುತ್ತಿದ್ದಾರೆ, ಮೊಳೆ ನಿಲ್ಲುತ್ತಿಲ್ಲ, ನಿಲ್ಲದಿದ್ದರೆ ಬಿಡಲಿ, ಚಿತ್ರದ ಕೂಸು ಯಾರಿಗೆ ಬೇಕು. ಕೊಪ್ಪಳದ ನರ್ಸಿಂಗ್ ಶಾಲೆಯ ಮೂರನೇ ವರ್ಷದವರೆಲ್ಲ ಹಳ್ಳಿಗಳಿಗೆ ಹೋಗಿ ತಾಯಂದಿರಿಗೆ ತಿಳಿಹೇಳಬೇಕು, ಭವಾನಿಯ ಗುಂಪಿಗೆ ಬಿದ್ದದ್ದು ಅಳವಂಡಿ, ನಂಗ ಕುಕನೂರ ಹಾಕ್ರಿ ಮೇಡಂ ಎಂದು ಎರಡು ದಿನ ಬೆನ್ನು ಹತ್ತಿದಳು, ಮಗಳ ಸಂಗಾಟ ಇರಾಕೇನವಾ, ಹೌದ್ರಿ ಮೇಡಂ. ಪಾಪ, ನಂಬಿದರು. ಯಾಕೆ ನಂಬಬಾರದು, ಎಂಟು ತಿಂಗಳ ಕೂಸನ್ನು ಬಿಟ್ಟು ಶಾಲೆಗೆ ಸೇರಿದವಳಲ್ಲವೆ ಅವಳು, ಹತ್ತು ಗಂಟೆಯ ಪಾಠಕ್ಕೆ ಎದೆ ಬಿಗಿದು ಹಾಲು ಇಳಿದು ಬಿಳಿ ಕೋಟು ಒದ್ದೆಯಾದರೆ ಪುಸ್ತಕ ಅವುಚಿಕೊಂಡು ಕೂತವಳು, ಬೆಳಗಿನ ಐದೂ ಮುಕ್ಕಾಲರ ಬಸ್ಸು, ಅದಕ್ಕೆ ಮೊದಲು ಹತ್ತು ರೊಟ್ಟಿ, ಮಗಳ ಹಾಲು, ಗಂಡನ ಡಬ್ಬಿ, ಬಸ್ಸು ತಪ್ಪಿದರೆ ವಾರ್ಡಿನಲ್ಲಿ ಗೈರುಹಾಜರಿ, ಶನಿವಾರ ಪಾಳಿಯ ಪಟ್ಟಿ ಹಚ್ಚಿದಾಗ ಎಲ್ಲ ಹುಡುಗಿಯರೂ ತಮ್ಮ ಹೆಸರು ಹುಡುಕಿದರೆ ಇವಳು ಅತ್ತೆಯ ಮುಖ ನೆನೆಯುತ್ತಿದ್ದಳು, ಮಧ್ಯಾಹ್ನದ ಪಾಳಿ ಬಿದ್ದರೆ ಮುದುಕಿ ಒಂದು ವಾರ ಪಾತ್ರೆ ಕುಕ್ಕುತ್ತಾಳೆ. ಗಂಡ ಗೋವಿಂದರಾಜ ಯಲಬುರ್ಗಾದ ಕಚೇರಿಯಲ್ಲಿ ಗುಮಾಸ್ತ, ಮನೆಗೆ ಬಂದರೆ ಚಹಾ, ಪೇಪರು, ಅವ್ವ ಅದಾಳಲ್ಲ, ಕೂಸಿಗೇನು ಚಿಂತಿ. ಅವ್ವ ಇದ್ದಳು. ಇದ್ದದ್ದಕ್ಕೇ ಆದದ್ದು.

ಎಂಟು ತಿಂಗಳ ಹಿಂದಿನ ಆ ಸೋಮವಾರ ಮಗಳು ಹೇಮಾ ಹೊಟ್ಟೆ ಉಬ್ಬರಿಸಿ ರಚ್ಚೆ ಹಿಡಿದಿದ್ದಳು, ಎರಡೂವರೆ ವರ್ಷದ ಕೂಸು, ಪರೀಕ್ಷೆಗೆ ಒಂದು ವಾರ, ಕಡಿಮಿ ಆಗ್ಲಿಲ್ಲಂದ್ರ ದವಾಖಾನಿಗೆ ಕರ್ಕೊಂಡು ಹೋಗ್ರಿ ಅತ್ತಿ, ಹೂಂನವಾ, ನೀ ಹೋಗು, ಬಸ್ಸ ಹೋಗತೈತಿ. ಸಂಜೆ ಬಂದರೆ ಕೂಸು ಮಲಗಿತ್ತು, ಅತ್ತೆಯ ಬಾಯಲ್ಲಿ ಬೆಲ್ಲ, ನೀ ಓದ್ಕೋವಾ, ಪರೀಕ್ಷಾ ಐತಿ, ಜಳಕ ನಾ ಮಾಡಸ್ತೀನಿ, ಉಣ್ಣಸೂದೂ ನಂದ ಕೆಲಸ, ಮಧ್ಯೆ ಮಧ್ಯೆ ಚೀರಿದರೆ, ದವಡಿಹಲ್ಲ ಬರಾಕತ್ತಾವ, ನೀ ಏಳಬ್ಯಾಡ. ಏಳಲಿಲ್ಲ ಭವಾನಿ. ಮೂರು ದಿನ ಏಳಲಿಲ್ಲ. ಒಳಗೊಳಗೇ ಹಿಗ್ಗಿದಳು, ಅತ್ತೆಗೆ ಈಗಾದರೂ ಬುದ್ಧಿ ಬಂತು, ಗೆಳತಿಯರ ಮುಂದೆ ಹೊಗಳಿದಳು ಬೇರೆ, ಅದನ್ನು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ, ಸುಟ್ಟದ್ದಕ್ಕಿಂತ ಹೆಚ್ಚು ಆ ಬೆಲ್ಲದ ಮಾತಿಗೆ ಉರಿಯುತ್ತದೆ. ನಾಲ್ಕನೆಯ ದಿನ ಅಂಗಿ ಬದಲಿಸುವಾಗ ಅರಿಶಿನ ಮೆತ್ತಿದ ಬಟ್ಟೆಯ ಪಟ್ಟಿ, ಅದರಡಿಗೆ ಹೊಕ್ಕುಳ ಸುತ್ತ ನಾಲ್ಕು ಸುಟ್ಟ ಗಾಯ, ಕೀವು ಕಟ್ಟಿ, ಬೆರಳುಗುರಿನಷ್ಟಗಲ. ತಾಯಿ ಮನಿಯಾಗ ಇದ್ದಿದ್ರ ನಾ ಯಾಕ ಹುಲಿಗವ್ವನ ಕಡಿಂದ ಚುಟಿಗಿ ಹಾಕಸ್ತಿದ್ದೆ, ಎಂದಳು ಅತ್ತೆ. ಗಂಡ ಅಂಗಿ ಎತ್ತಿ ತನ್ನ ಹೊಟ್ಟೆಯ ಹಳೇ ಕಲೆ ತೋರಿಸಿದ, ನಂಗೂ ಹಾಕ್ಯಾರ, ನಾ ಸತ್ತೇನೇನು. ಭವಾನಿ ಗಾಯ ತೊಳೆದಳು, ಮುಲಾಮು ಹಚ್ಚಿದಳು, ಮರುದಿನ ಐದೂ ಮುಕ್ಕಾಲರ ಬಸ್ಸು ಹತ್ತಿದಳು, ಜಗಳ ಆಡಿದರೆ ಕೂಸನ್ನು ಯಾರ ಕೈಗೆ ಕೊಡುವುದು, ಓದು ಬಿಡುವುದೆ, ಬಿಟ್ಟರೆ ಗೆದ್ದವರು ಯಾರು. ಕಾದಳು. ಪರೀಕ್ಷೆಯಲ್ಲಿ ಇಡೀ ಶಾಲೆಗೆ ಮೊದಲು ಬಂದಳು, ಅತ್ತೆ ಓಣಿಗೆ ಸಕ್ಕರೆ ಹಂಚಿದಳು, ಆ ಸಕ್ಕರೆಯನ್ನೂ ನುಂಗಿಕೊಂಡು ಕಾದಳು.

ಇನ್ನು ಕಾಯುವುದಿಲ್ಲ. ಕಡೆಯ ವರ್ಷ ಮುಗಿಯುತ್ತಾ ಬಂತು, ಮುಂದೆ ಕೊಪ್ಪಳದಲ್ಲೇ ಬಾಡಿಗೆ ಮನೆ, ಮಗಳು ತನ್ನ ಜೊತೆಗೆ, ಅತ್ತೆಯ ಹಂಗು ತೀರಿತು. ಶುರು ಮಾಡವಾ ಭವಾನಿ, ಎಂದರು ಮೇಡಂ. ಎಲ್ಲಾರಿಗೂ ನಮಸ್ಕಾರ್ರಿ, ಕೂಸಿಗೆ ಚುಟಿಗಿ ಹಾಕಿದ್ರ ರೋಗ ಹೋಗಂಗಿಲ್ಲ, ಸುಟ್ಟ ಗಾಯ ಒಂದು ಹೆಚ್ಚಾಗತೈತಿ ಅಷ್ಟ, ಎಂದಾಗ ಹುಲಿಗವ್ವ ಮೆಲ್ಲುವುದನ್ನು ನಿಲ್ಲಿಸಿದಳು, ನಿಲ್ಲಿಸು, ನಿನ್ನ ಸರದಿಯೂ ಇದೆ, ಅತ್ತೆ ಮಾತ್ರ ಇನ್ನೂ ನಗುತ್ತಿದ್ದಾಳೆ, ಸೊಸೆಯ ಬಾಯಿಯನ್ನೇ ನೋಡುತ್ತಾ, ಪಕ್ಕದವಳ ಮೊಣಕೈ ತಿವಿಯುತ್ತಾ. ಹೇಮಾ, ಬಾರವ್ವಾ ಇಲ್ಲಿ. ಅಜ್ಜಿಯ ತೊಡೆಯಿಂದಿಳಿದು ಕುಣಿಯುತ್ತಾ ಬಂದಳು, ಎಣ್ಣೆ ಹಚ್ಚಿ ಬಾಚಿದ ತಲೆ, ಹಳದಿ ಫ್ರಾಕು, ಎತ್ತಿ ಮೇಜಿನ ಮೇಲೆ ನಿಲ್ಲಿಸಿದಳು ಭವಾನಿ, ಮೊಮ್ಮಗಳು ಹಾಡು ಹೇಳುತ್ತಾಳೆ ಎಂದುಕೊಂಡಿರಬೇಕು ಮುದುಕಿ, ನಗು, ಇನ್ನೊಂದು ಗಳಿಗೆ ನಗು, ಆಮೇಲೆ ಈ ಓಣಿಯಲ್ಲಿ ಯಾವ ಮನೆಯ ಕೂಸನ್ನೂ ನಿನ್ನ ಕೈಗೆ ಕೊಡಬಾರದು, ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಬೇಕು. ಚಿತ್ರ ಬ್ಯಾಡ್ರಿ, ಖರೇ ಹೊಟ್ಟಿ ತೋರಸ್ತೀನಿ, ಯಾರು ಸುಡಿಸ್ಯಾರ ಅಂತ ಅವರನ್ನ ಕೇಳ್ರಿ, ಇಲ್ಲೇ ಅದಾರ — ಎನ್ನುತ್ತಾ ಫ್ರಾಕಿನ ಅಂಚಿಗೆ ಕೈ ಹಾಕಿದಳು, ಅಂಚು ಮೇಲೇಳಲಿಲ್ಲ, ಎಳೆದಳು, ಏಳಲಿಲ್ಲ, ಮಗಳ ಎರಡೂ ಕೈ ಅದನ್ನು ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆ ಜಗ್ಗುತ್ತಿವೆ, ಕಣ್ಣು ಬಿಳಿ ಕೋಟಿನ ಮೇಲೆ, ತನ್ನ ಮೇಲೆ, ನಂಗ ಹೊಟ್ಟಿ ನೋಯಂಗಿಲ್ಲವ್ವಾ, ನೋಯಂಗಿಲ್ಲ, ಖರೇನ ನೋಯಂಗಿಲ್ಲ.

ನೋಯುವುದಿಲ್ಲವಂತೆ, ಹಾಗಾದರೆ ಮೊನ್ನೆ ಊಟ ಬೇಡವೆಂದು ಮೂಲೆಯಲ್ಲಿ ಮುದುಡಿ ಕೂತದ್ದು, ಹಟ ಮಾಡಬ್ಯಾಡ ಎಂದು ತಾನು ಗದರಿ ಪಾಠ ಓದಿದ್ದು, ಅದಕ್ಕೂ ಮೊದಲು, ಜಾತ್ರೆಯ ಮರುದಿನ, ಅದಕ್ಕೂ ಮೊದಲು, ಎಂಟು ತಿಂಗಳಲ್ಲಿ ಎಷ್ಟು ಸಲ ನೊಂದಿತ್ತು, ಹೇಳಿದರೆ ಮತ್ತೆ ಸುಡುತ್ತಾರೆಂದು ಯಾರಿಗೂ ಹೇಳದೆ, ತನಗೂ ಹೇಳದೆ — ಅತ್ತೆಯ ಹೆಸರು ನಾಲಿಗೆಯ ತುದಿಯಲ್ಲೇ ಇದೆ, ಒಂದು ಉಸಿರು ಸಾಕು, ಅತ್ತೆಯ ನಗು ಈಗ ಇಳಿಯುತ್ತಿದೆ, ಅವಳಿಗೆ ತಿಳಿಯಿತು, ಇದೇ ಬೇಕಾಗಿತ್ತು, ಇದೇ, ಮುಂದ ಹೇಳವಾ ಎನ್ನುತ್ತಿದ್ದಾರೆ ಮೇಡಂ, ಹೇಳಬೇಕು, ಆದರೆ ಆ ಬೆರಳುಗಳು, ಹಳದಿ ಬಟ್ಟೆಯ ಮೇಲೆ ರಕ್ತವಿಳಿದು ಬೆಳ್ಳಗಾದ ಪುಟ್ಟ ಬೆರಳುಗಳು, ಕೆಳಕ್ಕೆ ಜಗ್ಗುವ ಬೆರಳುಗಳು, ಅದೇ ಅಂಚಿನಲ್ಲಿ ಮೇಲಕ್ಕೆ ಜಗ್ಗುತ್ತಿರುವ ತನ್ನ ಬೆರಳುಗಳು, ಬಿಟ್ಟಿಲ್ಲ, ಇನ್ನೂ ಬಿಟ್ಟಿಲ್ಲ