ದುರುಗಣ್ಣನ ಸಾಧು ಪಾರ್ಟು

"ಲೇ ದುರುಗ್ಯಾ, ಹೊಸ್ತಲ ದಾಟಿದ್ರ ಕಾಲ ಮುರೀತೀನಿ, ಸೂಳಿಮಗನ!"

ಗುರುಸಂಗಪ್ಪ ಗೌಡರು ಕೂಗಿದ್ದು ನನ್ನ ಗಂಡ ದುರುಗಣ್ಣನಿಗೆ. ಆತ ಮಾಡಿದ್ದಿಷ್ಟೆ: ಸಿನಿಮಾದವರ ಲೈಟಿನ ಪೆಟ್ಟಿಗೆ ಹೊತ್ತು ಗೌಡರ ಪಡಸಾಲೆಯ ಮೆಟ್ಟಿಲೇರಿದ್ದ. ನಮ್ಮೂರು ಹಲವಾಗಲಿನಲ್ಲಿ ನಮ್ಮ ಕೇರಿಯವರ ಕಾಲು ಆ ಮನೆಯ ಅಂಗಳದಲ್ಲೇ ನಿಲ್ಲಬೇಕು. ಮದುವೆಯಾಗಿ ಬಂದಾಗಿನಿಂದ ನಾನು ಆ ಅಂಗಳ ಗುಡಿಸುತ್ತಿದ್ದೇನೆ, ಒಳಗೆ ಕಾಲಿಟ್ಟಿಲ್ಲ. ಪೆಟ್ಟಿಗೆ ಮಾತ್ರ ಬೇರೆಯವರ ಹೆಗಲೇರಿ ಒಳಗೆ ಹೋಯಿತು. ಅದಕ್ಕೆ ಜಾತಿ ಇಲ್ಲ ನೋಡಿ.

ಗೌಡರು ಶೂಟಿಂಗಿಗೆ ಮನೆ ಬಿಟ್ಟುಕೊಟ್ಟದ್ದು ತಮಗೊಂದು ಪಾರ್ಟು ಕೊಡಬೇಕೆಂಬ ಕರಾರಿನ ಮೇಲೆ. ಕೊಟ್ಟರು. ಸೊಕ್ಕಿನ ಸಾಹುಕಾರನೊಬ್ಬ ಕೊನೆಗೆ ತಿರುಕ ಸಾಧುವಿನ ಕಾಲಿಗೆ ಬೀಳುವ ಪಾರ್ಟು. ಗೌಡರು ರೇಷ್ಮೆ ಪಂಚೆ ಉಟ್ಟು, ಮೀಸೆಗೆ ಕಪ್ಪು ಹಚ್ಚಿ ಕೂತರು. ಸಾಧುವಿನ ಪಾರ್ಟಿನವನೇ ಬರಲಿಲ್ಲ. ದಾರಿಯಲ್ಲಿ ಮಿರ್ಚಿ ತಿಂದು, ಹೊಟ್ಟೆ ಕೆಟ್ಟು, ಹರಪನಹಳ್ಳಿಯಲ್ಲೇ ಮಲಗಿದನಂತೆ.

ಬೆಂಗಳೂರಿನ ಡೈರೆಕ್ಟರ್ ಶ್ರೀನಾಥ ಅಂಗಳಕ್ಕೆ ಬಂದು ನನ್ನ ಗಂಡನ ಗಡ್ಡ ನೋಡಿ ನಿಂತರು.

"ಇವರೇ ಸಾಕು. ಬನ್ನಿ ಸಾರ್."

ಅಯ್ಯೋ ಶಿವನೇ, ನನ್ನ ಗಂಡನಿಗೆ ಸಾರ್!

"ಅಂವ ಬ್ಯಾಡ್ರಿ," ಎಂದರು ಗೌಡರು.

"ಯಾಕೆ?"

ಗೌಡರು ಬಾಯಿ ತೆರೆದರು. ಮೊಬೈಲು ಹಿಡಿದ ಊರವರೆಲ್ಲ ಅವರನ್ನೇ ನೋಡುತ್ತಿದ್ದರು. ಕಾರಣ ಹೇಳಿದರೆ ಮಾತು ಪೊಲೀಸ್ ಠಾಣೆಯವರೆಗೂ ಹೋಗುತ್ತದೆಂದು ಅವರಿಗೂ ಗೊತ್ತು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನನ್ನ ಗಂಡ ಹೊಸ್ತಿಲು ದಾಟಿದ. ಕಾಲು ತೊಳೆಸಲೇ ಎಂದು ಮೇಕಪ್ಪಿನವನು ಕೇಳಿದರೆ, "ಬೇಡ, ಆ ಮಣ್ಣೇ ಚೆನ್ನಾಗಿದೆ," ಎಂದರು ಡೈರೆಕ್ಟರ್.

ಗೌಡರು ಬಗ್ಗಿ ಆ ಕಾಲಿಗೆ ಹಣೆ ಹಚ್ಚಿದರು. ನನ್ನ ಗಂಡ ಹೇಳಬೇಕಾದ್ದು ಒಂದೇ ಮಾತು: ಏಳು ಮಗನೇ, ನಿನ್ನ ಪಾಪ ತೀರಿತು.

"ಏಳು ಮಗನೇ... ಮರತ ಹೋತಲ್ರಿ."

"ಕಟ್! ಇನ್ನೊಂದು ಸಲ."

ಗೌಡರು ಮತ್ತೆ ಬಿದ್ದರು. ಆತ ಮತ್ತೆ ಮರೆತ. ಬಯಲಾಟದಲ್ಲಿ ರಾಜನ ಪಾರ್ಟು ಕಟ್ಟಿ, ಬೆಳತನಕ ಒಂದಕ್ಷರ ಬಿಡದೆ ಗುಡುಗುವ ಮನುಷ್ಯ! ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅಂಗಳದಲ್ಲಿ ನನ್ನ ಜೊತೆ ನಿಂತು ನೋಡುತ್ತಿದ್ದ ಕೇರಿಯ ಹೆಂಗಸರೆಲ್ಲ ಕಿಸಕ್ಕೆಂದರು.

ಚಹಾದ ಹೊತ್ತಿಗೆ ಗೌಡರು ಆತನನ್ನು ಅಂಗಳದ ಮೂಲೆಗೆ, ನಾವು ನಿಂತಲ್ಲಿಗೇ ಕರೆತಂದರು.

"ಆಟ ಹಚ್ಚೀಯೇನಲೇ ಭಾಡ್ಯಾ? ಇನ್ನೊಮ್ಮಿ ಮರತಿ ಅಂದ್ರ ನಾಳಿಂದ ನಿಮ್ಮ ಕೇರಿ ನಾಯಿಗೂ ನನ್ನ ಹೊಲದಾಗ ಕೂಲಿ ಇಲ್ಲ."

ನಗು ಅಲ್ಲೇ ಉಡುಗಿತು. ಮೆಕ್ಕೆಜೋಳದ ತೆನೆ ಮುರಿಯುವ ಕಾಲ, ಇಡೀ ಕೇರಿ ಕಾದದ್ದು ಅದಕ್ಕೇ. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ?

"ಏನ್ ಮಾಡ್ಲಿ ಹುಲುಗಿ?" ಎಂದ ನನ್ನ ಗಂಡ, ನನ್ನತ್ತ ತಿರುಗಿ.

ಗೌಡರ ಹಣೆಯಲ್ಲಿ ಆತನ ಕಾಲಿನ ಮಣ್ಣು ಇನ್ನೂ ಹಾಗೇ ಇತ್ತು. ನನಗೆ ಮಾತು ಹೊರಡುವ ಮೊದಲೇ ಮುದುಕಿ ಗಾದೆಮ್ಮ ಎಲೆಅಡಿಕೆ ಪಿಚಕ್ಕನೆ ಉಗುಳಿದಳು.

"ಕೂಲಿ ಹೋದ್ರ ಹೋಗ್ಲಿ, ಹರಪನಹಳ್ಳಿ ಮಾರ್ಕೆಟ್ಟಿನ್ಯಾಗ ಚೀಲ ಹೊತ್ತರಾತು. ಮರತ ಬಿಡಲೇ ದುರುಗಾ!"

"ಹೂಂ, ಮರತ ಬಿಡು," ಎಂದೆ ನಾನೂ. ಈಗ ಅಲ್ಲೇ ಚೀಲ ಹೊರುತ್ತಿದ್ದೇವೆ, ಅದು ಬೇರೆ ಮಾತು.

ಮತ್ತೆ ಒಳಗೆ ಹೋದರು. ಗೌಡರು ಬಿದ್ದರು.

"ಏಳು ಮಗನೇ..." ನನ್ನ ಗಂಡ ಗಡ್ಡ ಕೆರೆದುಕೊಂಡ. "ಮುಂದಿಂದು ಹೋತ್ರಿ."

ಈ ಸಲ ಗೌಡರು ಏಳಲೇ ಇಲ್ಲ. ಮೊಣಕಾಲು ಹಿಡಿದುಕೊಂಡಿದ್ದವು. ಕೈ ಊರಿದರು, ಆಗಲಿಲ್ಲ. ನನ್ನ ಗಂಡ ಬಗ್ಗಿ ಕೈ ಚಾಚಿದ. ಗೌಡರು ಆ ಕೈ ನೋಡಿದರು, ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದರು, ಅಂಗಳದಲ್ಲಿದ್ದ ನಮ್ಮನ್ನು ನೋಡಿದರು. ಕೊನೆಗೆ ಅದನ್ನೇ ಹಿಡಿದು ಎದ್ದರು.

"ಇದೇ! ಇದೇ ಬೇಕಿತ್ತು, ಕೈ ಹಿಡಿದು ಏಳೋದು!" ಡೈರೆಕ್ಟರ್ ಕುಣಿದಾಡಿದರು. "ಇನ್ನೊಂದು ಸಲ ಮಾಡೋಣ."

ನನ್ನ ಗಂಡ ಕಾಲು ಮುಂದಿಟ್ಟು ನಿಂತ.

"ಬೀಳ್ರಿ ಗೌಡ್ರ," ಎಂದ. "ಮಾತು ಈಗ ನೆನಪಾತು."