ಬಾಗಿಲಿಗೆ ಕಟ್ಟಿದ ದೋಣಿ

ಕಡೆಗೆ ಬಂದ ದೋಣಿಗೆ ಒಳಗಿನ ಜಾಗ. ದೇವದುರ್ಗ ತಾಲೂಕಿನ ಆ ಕೃಷ್ಣಾ ಕಡವಿನಲ್ಲಿ ಇದು ಅಂಬಿಗರ ಕಟ್ಟಳೆ. ದಾರಿಗರಿಗಾಗಿ ಆಚೆ ದಡದಲ್ಲಿ ಕಾದು ನಿಂತವನೇ ಕಡೆಗೆ ಬರುವವನು. ಬಂಡೆಯ ಮರೆಯ ಮಡುವನ್ನು ಅವನ ದೋಣಿಗೆ ಬಿಡುವುದು ಉಳಿದವರ ಧರ್ಮ. ಇನ್ನೊಂದು ಕಟ್ಟಳೆಯೂ ಇತ್ತು: ಒಬ್ಬ ಹಾಕಿದ ಹಗ್ಗದ ಗಂಟನ್ನು ಇನ್ನೊಬ್ಬ ಮುಟ್ಟಕೂಡದು.

೧೯೭೮ರಲ್ಲಿ ಕಡವಿನ ಗುತ್ತಿಗೆ ಹೊಸಬರ ಪಾಲಾಯಿತು. ಗುತ್ತೇದಾರ ರಾಯಚೂರಿನಲ್ಲೇ ಉಳಿದ. ಮುನ್ಷಿ ಹನುಮಂತ್ರಾಯನನ್ನು ಕಳಿಸಿದ. ಮುನ್ಷಿ ದಡದ ಕಲ್ಲುಗಳ ಮೇಲೆಲ್ಲ ಸುಣ್ಣದಿಂದ ನಂಬರು ಬರೆಸಿದ. ಮಡುವಿನ ಒಂದನೇ ಕಲ್ಲು ಗುತ್ತೇದಾರನ ಹೊಸ ದೋಣಿಗೆ. ಅದು ನೀರಿಗಿಳಿದದ್ದೇ ಅಪರೂಪ. ಇಪ್ಪತ್ತು ವರ್ಷ ಹಾಯಿದೋಣಿ ನಡೆಸಿದ ಬೂದೆಪ್ಪನಿಗೆ ನಾಲ್ಕನೇ ಕಲ್ಲು, ಗಾಳಿ ನೇರವಾಗಿ ಬಡಿಯುವ ಬೋಳು ಬಂಡೆ.

ಆ ಶ್ರಾವಣದ ಸಂಜೆ ಪಡುವಣ ಗಾಳಿ ಎದ್ದಿತು, ಹೊಳೆ ಕೆಂಪಾಗಿ ಏರತೊಡಗಿತು. ಹತ್ತು ಜನರನ್ನು ದಾಟಿಸಿಕೊಂಡು ಬೂದೆಪ್ಪ ಎಲ್ಲರಿಗಿಂತ ಕಡೆಗೆ ಬಂದ. ನಾಲ್ಕನೇ ಕಲ್ಲಿಗೆ ಕಟ್ಟಿದರೆ ಬೆಳಗಿನೊಳಗೆ ದೋಣಿ ಹಲಗೆಹಲಗೆಯಾಗುವುದು ಖಂಡಿತ. ಅವನು ಮಡುವಿನ ಮೇಲಿದ್ದ ತಗಡಿನ ಕಚೇರಿಗೆ ಹೋದ.

"ಮುನ್ಷಿಸಾಬ್ರ, ಹೊಳಿ ಏರಾಕತ್ತದ. ನಿಮ್ಮ ದೋಣಿ ಅಡ್ಡ ನಿಂತದ. ಉದ್ದಕ್ಕ ತಿರುವಿದ್ರ ಎರಡೂ ಹಿಡಿತಾವ್ರಿ."

"ನಿನ್ನ ನಂಬರ್ ಎಷ್ಟಲೇ?"

"ನಾಲ್ಕ್ರಿ."

"ಮತ್ತ ಹೋಗಿ ನಾಲ್ಕಕ್ಕ ಕಟ್ಟು. ಓದಾಕ ಬರಾಂಗಿಲ್ಲೇನು?"

"ನನಗ ಬರ್ತದ್ರಿ. ಹೊಳಿಗಿ ಬರಾಂಗಿಲ್ಲ."

ಮುನ್ಷಿ ಚಹದ ಬಸಿಯನ್ನು ತುಟಿಗೆತ್ತಿ ಮುಖ ತಿರುಗಿಸಿದ. ಬೂದೆಪ್ಪನ ಮೈಯೆಲ್ಲ ಉರಿಯಿತು. ಒಮ್ಮೆಯೂ ಹುಟ್ಟು ಹಿಡಿಯದ ಕೈ ಹೊಳೆಯನ್ನು ಹಂಚುತ್ತಿದೆ! ನಿದ್ದೆ ಮಾಡುವ ದೋಣಿಗೆ ಆಸರೆ, ದುಡಿಯುವ ದೋಣಿಗೆ ಬಂಡೆ. ಇದನ್ನು ಶಿಸ್ತೆಂದು ಕರೆಯಲು ನಾಚಿಕೆಯಾದರೂ ಬೇಡವೇ?

ದೋಣಿಯ ಬಳಿ, ದಾಟಿ ಬಂದವರ ನಡುವೆ, ಬಟ್ಟೆಗಂಟು ಹೊತ್ತು ನಿಂತಿದ್ದವಳು ಅಮೀರ್ ಬೀ. ಅವನ ಹಾಯಿಯನ್ನು ಹೊಲಿದವಳು ಅವಳೇ. "ಏನ್ ನೋಡಾಕತ್ತೀದಿ ಬೂದೆಪ್ಪಣ್ಣಾ? ಅವನ ಹಗ್ಗ ಬಿಚ್ಚಿ ದೂಡು ಅತ್ತಾಗ."

"ಅದು ಅವ ಹಾಕಿದ ಗಂಟು. ನಾ ಮುಟ್ಟಾಂಗಿಲ್ಲ."

"ಅವನಿಗಿಲ್ಲದ ರೀತಿ-ರಿವಾಜು ನಿನಗೊಬ್ಬನಿಗ್ಯಾಕ?"

"ನನಗಾದ್ರೂ ಇರ್ಲಿ. ಎಲ್ಲಾರೂ ಕೈ ಹಾಕ್ರಿ, ಮ್ಯಾಲಕ್ಕ ಎಳಿಯೂಣು."

ಹಾಯಿಕಂಬವನ್ನು ಇಳಿಸಿ, ಅಡಿಯಲ್ಲಿ ಉರುಟು ಕಟ್ಟಿಗೆಗಳನ್ನಿಟ್ಟು, ಹತ್ತೂ ಜನ ದೋಣಿಯನ್ನು ಮೇಲೆಳೆದರು. ಅದು ನಿಂತದ್ದು ಕಚೇರಿಯ ಹೊಸ್ತಿಲಿಗೆ ಅಡ್ಡವಾಗಿ. ಬೂದೆಪ್ಪ ಅದರ ಹಗ್ಗವನ್ನು ಬಾಗಿಲ ಚೌಕಟ್ಟಿಗೆ ಬಿಗಿದ.

"ಹುಚ್ಚು ಹಿಡಿದದೇನಲೇ?" ಮುನ್ಷಿ ಒಳಗಿಂದ ಚೀರಿದ.

"ನಾಲ್ಕನೇ ಕಲ್ಲು ಆಗಲೇ ಮುಳುಗ್ಯದ್ರಿ. ಮುಳುಗದ್ದು ನಿಮ್ಮ ಬಾಗಿಲೊಂದ."

"ಬಿಚ್ಚು!"

"ಮೊದ್ಲು ನಿಮ್ಮ ಗಂಟು ನೀವು ಬಿಚ್ರಿ. ಆಮ್ಯಾಲ ನನ್ನದು ನಾ ಬಿಚ್ತೀನಿ."

ಮುನ್ಷಿ ದೋಣಿಯನ್ನು ಹತ್ತಿ ಇಳಿಯುವಾಗ ಧೋತರದ ಅಂಚು ಹರಿಯಿತು. "ಹುಷಾರ್ರೀ ಸಾಬ್, ದೋಣಿ ದಾಟಿದ್ದಕ್ಕ ಕಡವಿನ ಚೀಟಿ ಹರಿಸೀರಿಲ್ಲೋ?" ಅಂದಳು ಅಮೀರ್ ಬೀ. ಜನ ಗೊಳ್ಳೆಂದರು. ಬೂದೆಪ್ಪ ನಗಲಿಲ್ಲ.

ಮುನ್ಷಿ ಹಾಕಿದ್ದು ಎತ್ತು ಕಟ್ಟುವ ಗಂಟು, ನೀರುಂಡು ಕಲ್ಲಾಗಿತ್ತು. ಸೊಂಟಮಟ್ಟ ನೀರಿನಲ್ಲಿ ನಿಂತು ಅವನು ಉಗುರು ಮುರಿದುಕೊಂಡ. "ಬೂದೆಪ್ಪಾ, ನೀನರ ಬಿಚ್ಚೋ ಮಾರಾಯಾ!"

"ನನ್ನ ಕೈ ಹತ್ತಾಂಗಿಲ್ಲ. ಎಳೀಬ್ಯಾಡ್ರಿ. ದೋಣಿ ಒಳಗ ದೂಡಿ ಹಗ್ಗ ಸಡಿಲ ಮಾಡ್ರಿ. ಹಾಂ, ಈಗ ತಿರುವ್ರಿ."

ಗಂಟು ಬಿಚ್ಚಿತು. ಹೊಸ ದೋಣಿ ಉದ್ದಕ್ಕೆ ತಿರುಗಿತು. ಪಕ್ಕದಲ್ಲಿ ಇನ್ನೊಂದು ದೋಣಿಗೆ ಬೇಕಾದಷ್ಟು ಜಾಗ ಬಿದ್ದಿತು. ಇಷ್ಟು ದಿನವೂ ಆ ಜಾಗ ಅಲ್ಲೇ ಇತ್ತು. ಅದನ್ನು ನೋಡಿ ಬೂದೆಪ್ಪನ ಸಿಟ್ಟು ಇನ್ನಷ್ಟು ಏರಿತು.

ಅವನು ಚೌಕಟ್ಟಿನ ಗಂಟು ಬಿಚ್ಚಿದ. ದೋಣಿಯನ್ನು ಎಳೆಯಬೇಕಾಗಲಿಲ್ಲ, ಹೊಳೆ ಅಷ್ಟರಲ್ಲಿ ಕಚೇರಿಯ ಹೊಸ್ತಿಲನ್ನು ಮುಟ್ಟಿತ್ತು.