ನೆಲ ಬಿಟ್ಟ ಪೆಟ್ಟಿಗೆಗಳು

ಸಿಕಂದರಾಬಾದಿನ ಹೊರವಲಯದ ಕುಷಾಯಿಗೂಡದ ನಮ್ಮ ಬಾಡಿಗೆ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಯಾದರೆ ನೆಲ ನಡುಗುತ್ತಿತ್ತು. ಹೆದರುವಂಥ ನಡುಕವೇನಲ್ಲ, ಆದರೆ ನಾನು ಎಲ್ಲದಕ್ಕೂ ಹೆದರುವವಳು. ಮೊದಲ ಮಹಡಿಯ ಆ ಸ್ಲ್ಯಾಬು ಎಷ್ಟು ವರ್ಷದ್ದು, ಅದರಲ್ಲಿ ಸಿಮೆಂಟು ಎಷ್ಟು, ಉಸುಕು ಎಷ್ಟು ಎಂದು ಯೋಚಿಸುತ್ತ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿರುತ್ತಿದ್ದೆ. ಈಗ ಆ ಮನೆಯಿಲ್ಲ, ಆ ಜಾಗದಲ್ಲಿ ಐದಂತಸ್ತಿನ ಅಪಾರ್ಟ್‌ಮೆಂಟು ಎದ್ದಿದೆ. ಆಗಿನ ಆ ಹೆದರಿಕೆಯನ್ನೂ ಈಗ ಪ್ರೀತಿಯಿಂದಲೇ ನೆನೆಯುತ್ತೇನೆ.

ನೆಲ ನಡುಗಿಸುತ್ತಿದ್ದದ್ದು ನನ್ನ ಮಾವ ಅಮರೇಶಪ್ಪನವರು ಕೈಯಾರೆ ಮಾಡಿದ ಎರಡು ಸ್ಪೀಕರ್ ಪೆಟ್ಟಿಗೆಗಳು. ಲಿಂಗಸೂಗೂರು ಕಡೆಯ ಒಂದು ನದಿದಂಡೆಯ ಹಳ್ಳಿಯಿಂದ ಬಂದು ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಸೇರಿದವರು ಅವರು. ಕಾರ್ಖಾನೆಗೆ ಯಂತ್ರಗಳು ಬರುತ್ತಿದ್ದ ಮರದ ಡಬ್ಬಗಳನ್ನು ಹರಾಜಿನಲ್ಲಿ ತಂದು, ಕೋಠಿಯ ಬಜಾರಿನಲ್ಲಿ ಹನ್ನೆರಡು ಇಂಚಿನ ಸ್ಪೀಕರು ಕೊಂಡು, ಒಂದಿಡೀ ಬೇಸಿಗೆ ಮಾಡಿದ್ದರಂತೆ. ಒಂದೊಂದೂ ನನ್ನ ಎದೆಯೆತ್ತರ. ಸರಿಸಬೇಕೆಂದರೆ ಇಬ್ಬರು ಬೇಕು.

ಆ ಪೆಟ್ಟಿಗೆಗಳಲ್ಲಿ ಕೇಳುತ್ತಿದ್ದದ್ದು ಊರಿನ ಭಜನೆಯ ಕ್ಯಾಸೆಟ್ಟುಗಳು. ಪ್ರತಿ ಶ್ರಾವಣಕ್ಕೂ ಮಾವ ಟೇಪ್ ರೆಕಾರ್ಡರ್ ಹೊತ್ತುಕೊಂಡು ಊರಿಗೆ ಹೋಗುತ್ತಿದ್ದರು. ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದವರು ಅವರೇ. ರೆಕಾರ್ಡರನ್ನು ತಮ್ಮ ಎಡಮೊಣಕಾಲ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದುದರಿಂದ ಹಾಡುವವರ ದನಿ ಎಲ್ಲೋ ಹಿಂದೆ ಉಳಿದು, ಎಡಗೈಯ ಡಗ್ಗಾ ಮಾತ್ರ ಎಲ್ಲರ ಮುಂದೆ ಬಂದು ಗುಮ್ಮೆನ್ನುತ್ತಿತ್ತು. ಅಂಥ ನಲವತ್ತೊಂದು ಕ್ಯಾಸೆಟ್ಟುಗಳು. ಮಾವ ತೀರಿಕೊಂಡ ಮೇಲೆ ನನ್ನ ಅತ್ತೆ ಬಸಲಿಂಗಮ್ಮ ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಒಂದನ್ನು ಹಚ್ಚಿ, ಎರಡು ಪೆಟ್ಟಿಗೆಗಳ ನಡುವೆ ಬರೀ ಶಹಾಬಾದ್ ಕಲ್ಲಿನ ನೆಲದ ಮೇಲೆ ಕಾಲು ಚಾಚಿ ಕೂಡುತ್ತಿದ್ದರು. ಮೊರದಲ್ಲಿ ಅಕ್ಕಿ, ಒಂದು ಕೈಯಲ್ಲಿ ಕಲ್ಲು ಆರಿಸುವುದು, ಇನ್ನೊಂದು ಕೈಯ ಬೆರಳುಗಳಲ್ಲಿ ತೊಡೆಯ ಮೇಲೆ ತಾಳ.

ನಮ್ಮ ಕೆಳಗಿನ ಮನೆ ಮೊದಲು ಮನೆಯಾಗಿರಲಿಲ್ಲ. ಮಾಲೀಕ ಮಾಣಿಕಪ್ಪನವರು ದನಗಳ ಹಿಂಡಿ ಚೀಲ ಒಟ್ಟುತ್ತಿದ್ದ ಗೋದಾಮು. ಹಿಂಡಿಗೆ ಡಗ್ಗಾದ ಗೊಡವೆಯಿಲ್ಲ. ಎರಡು ಸಾವಿರದ ಎರಡರ ಹೊತ್ತಿಗೆ ಊರೆಲ್ಲ ಕಂಪ್ಯೂಟರಿನ ಮಾತು, ಬಾಡಿಗೆಗೆ ಕೋಣೆ ಹುಡುಕುವ ಹುಡುಗರು. ಮಾಣಿಕಪ್ಪ ಚೀಲಗಳನ್ನು ತೆಗೆಸಿ, ಗೋಡೆಗೆ ಬಣ್ಣ ಬಳಿಸಿ, ಒಂದು ಬಚ್ಚಲು ಕಟ್ಟಿಸಿ, ಸಿಕಂದರಾಬಾದಿನ ಕಡೆ ಯಾವುದೋ ಕಾಲ್ ಸೆಂಟರಿನಲ್ಲಿದ್ದ ಮೂವರಿಗೆ ಕೊಟ್ಟರು. ಸಂಜೆ ಏಳಕ್ಕೆ ಬಿಳಿ ಸುಮೋ ಬಂದು ಅವರನ್ನು ಕರೆದೊಯ್ಯುತ್ತಿತ್ತು. ಬೆಳಿಗ್ಗೆ ಏಳಕ್ಕೆ ತಂದು ಬಿಡುತ್ತಿತ್ತು. ಆಮೇಲೆ ಸಂಜೆಯವರೆಗೂ ಅವರಿಗೆ ರಾತ್ರಿ.

ಮೊದಲ ವಾರದಿಂದಲೇ ಕೆಳಗಿನಿಂದ ಕಸಬರಿಗೆಯ ಹಿಡಿಯಿಂದ ಚಾವಣಿ ಬಡಿಯತೊಡಗಿದರು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಒಂದಕ್ಕೇ ಮನೆಗೆ ಬರುತ್ತಿದ್ದೆನಾದ್ದರಿಂದ ಅದು ನನ್ನ ಕಿವಿಗೇ ಬೀಳುತ್ತಿತ್ತು. ಹೋಗಿ ವಾಲ್ಯೂಮ್ ಇಳಿಸುತ್ತಿದ್ದೆ. ಅತ್ತೆ ಎದ್ದು ಏರಿಸುತ್ತಿದ್ದರು. ನಾನು ಇಳಿಸುವುದು, ಅವರು ಏರಿಸುವುದು. ನನ್ನನ್ನು ಕಂಡರೆ ಅವರಿಗಾಗದು ಎಂದು ಬಹಳ ದಿನಗಳಿಂದ ನನ್ನೊಳಗಿದ್ದ ಅನುಮಾನ ಈಗ ಗಟ್ಟಿಯಾಯಿತು. ಹಿಂದಿನಿಂದ ಎರಡು ಸಲ ಕರೆದರೂ ಓಗೊಡುತ್ತಿರಲಿಲ್ಲ ಅವರು.

ಒಂದು ದಿನ ಮಾಣಿಕಪ್ಪ ಬಂದರು. ಬೀದರ್ ಕಡೆಯವರು. ಚಹಾ ಮುಗಿಸಿಯೇ ಮಾತು ತೆಗೆದರು.

"ಅಕ್ಕೋರೆ, ನಾ ಭಜನಿ ವಿರೋಧಿ ಅಲ್ಲ. ನಮ್ಮನ್ಯಾಗೂ ಭಜನಿ ಆಗ್ತದ. ಖರೆ ಆ ಪೋರಗೋಳು ರಾತ್ರಿಪೂರಾ ಅಮೆರಿಕಾದವ್ರ ಜೋಡಿ ಮಾತಾಡಿ ಬಂದಿರ್ತಾವ. ನಮ್ಮ ಮಧ್ಯಾಹ್ನ ಅವಕ್ಕ ಅರ್ಧರಾತ್ರಿ. ಅರ್ಧರಾತ್ರ್ಯಾಗ ನೆತ್ತಿಮ್ಯಾಲ ಡಗ್ಗಾ ಬಾರ್ಸಿದ್ರ ಹ್ಯಾಂಗ?"

"ಇನ್ನಷ್ಟು ಸಣ್ಣಗ ಹಚ್ಚತೀವ್ರಿ."

"ಹೋದ ತಿಂಗಳೂ ಇದೇ ಅಂದ್ರಿ. ಈ ತಿಂಗಳ ಆಖರಿಗಿ ಆ ಪೆಟ್ಟಿಗಿ ಹೊರಗ ಹೋಗಬೇಕು. ಇಲ್ಲಾಂದ್ರ..." ಅವರು ಬಾಗಿಲ ಕಡೆ ನೋಡಿದರು. "ನೀವು ಛಲೋ ಮಂದಿ. ಮುಂದಿಂದು ನನ್ನ ಬಾಯಿಲೆ ಅನಸಬ್ಯಾಡ್ರಿ."

ಅವರು ಹೋದ ಮೇಲೆ ಅತ್ತೆ ಕೇಳಿದರು, "ಏನಂತಾನ?"

"ಏನಿಲ್ಲ ಅತ್ತೀ. ನೀರಿನ ಮೋಟರ್ ಸುದ್ದಿ."

ಹಿಮಾಯತ್‌ನಗರದ ಆಫೀಸಿನಿಂದ ಬಂದ ನನ್ನ ಗಂಡ ಮೋಹನ, ಪೆಟ್ಟಿಗೆ ಯಾರಿಗಾದರೂ ಕೊಟ್ಟುಬಿಡೋಣ, ಸಣ್ಣದೊಂದು ಸೆಟ್ಟು ತರೋಣ ಎಂದರು. ಪರೀಕ್ಷೆಗೆಂದು ಗೆಳೆಯರ ಮನೆಯಿಂದ ಒಂದು ಚಿಕ್ಕ ಟೂ-ಇನ್-ಒನ್ ತಂದು ಮೇಜಿನ ಮೇಲಿಟ್ಟು ಕ್ಯಾಸೆಟ್ ಹಚ್ಚಿದರು. ಅತ್ತೆ ಕೂತರು. ಎರಡು ನಿಮಿಷ ಕಾದು, ಮೊರ ಎತ್ತಿಕೊಂಡು ಎದ್ದರು.

"ಇದರಾಗ ಅವರಿಲ್ಲ," ಎಂದರು.

ಆ ಎರಡು ಮಾತು ನನ್ನನ್ನು ಮಲಗಗೊಡಲಿಲ್ಲ. ಪೆಟ್ಟಿಗೆ ಹೋದರೆ ಅವರ ಮಧ್ಯಾಹ್ನಗಳಲ್ಲಿ ಏನೂ ಉಳಿಯುವುದಿಲ್ಲ ಎಂದು ಗೊತ್ತಾಯಿತು. ಮರುದಿನ ಸಂಜೆ, ಆಡಬೇಕಾದ ಮಾತನ್ನು ಮೆಟ್ಟಿಲ ಮೇಲೆ ನಾಲ್ಕು ಸಲ ತೆಲುಗಿನಲ್ಲಿ ಹೇಳಿಕೊಂಡು, ಕೆಳಗಿನ ಬಾಗಿಲು ತಟ್ಟಿದೆ. ತೆಗೆದವನು ಆ ಮೂವರಲ್ಲೊಬ್ಬ, ಸಾಯಿಕುಮಾರ. ಕೆಂಡದಂಥ ಕಣ್ಣು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ನನ್ನನ್ನು ಕಂಡೊಡನೆ, "ಆಂಟೀ, ನಿದ್ರ ಲೇದು," ನಿದ್ದೆಯೇ ಇಲ್ಲ ಎಂದು ಮಗುವಿನ ಹಾಗೆ ದೂರಿದ. ಅಭ್ಯಾಸ ಮಾಡಿಕೊಂಡು ಬಂದ ಮಾತೆಲ್ಲ ಮರೆತು, ಮಾವನ ವಿಷಯ, ಕ್ಯಾಸೆಟ್ಟಿನ ವಿಷಯ ಹೇಗೋ ಹೇಗೋ ಹೇಳಿದೆ.

ಭಾನುವಾರ ಅವನೇ ಮೇಲೆ ಬಂದ. ಎಲೆಕ್ಟ್ರಾನಿಕ್ಸ್ ಓದಿದವನು, ಕೆಲಸ ಸಿಗದೆ ಫೋನಿಗೆ ಕೂತಿದ್ದ. ಪೆಟ್ಟಿಗೆಗಳನ್ನು ನೋಡಿ ಅವನ ನಿದ್ದೆಯೆಲ್ಲ ಹಾರಿಹೋಯಿತು. ಸುತ್ತು ಬಂದ, ಗೆಣ್ಣಿನಿಂದ ತಟ್ಟಿದ, ಇದನ್ನು ಮಾಡಿದವರು ಇದ್ದಿದ್ದರೆ ಕಾಲು ಹಿಡಿಯುತ್ತಿದ್ದೆ ಎಂದ. ಅತ್ತೆ ಅವನ ಮುಖವನ್ನೇ ದಿಟ್ಟಿಸುತ್ತಿದ್ದರು. ಆಫೀಸಿನಲ್ಲಿ ಅವನಿಗೆ ಸ್ಟೀವ್ ಎಂಬ ಹೆಸರಿದೆ ಎಂದು ತಿಳಿದಾಗ ನಗು ತಡೆಯಲಾರದೆ, "ಹಗಲಿಗೊಂದ ಹೆಸರು, ರಾತ್ರಿಗೊಂದ ಹೆಸರು! ಕಳ್ಳರೂ ಒಂದರಾಗ ಮುಗಸ್ತಾರಲ್ಲೋ ಯಪ್ಪಾ," ಎಂದರು. ನಾನು ಅದನ್ನು ತೆಲುಗಿಗೆ ತಿರುಗಿಸಿದಾಗ ಅವನೂ ನಕ್ಕ.

ಆಮೇಲೆ ಅವನು ನನಗೆ ವಿವರಿಸಿದ. ಗಾಳಿಯಲ್ಲಿ ಬರುವ ಹಾಡು ಅವರಿಗೆ ಕೇಳುವುದೇ ಇಲ್ಲವಂತೆ. ಪೆಟ್ಟಿಗೆ ನೆಲವನ್ನು ಅಲುಗಿಸುತ್ತದೆ. ನಮ್ಮ ನೆಲವೇ ಅವರ ಚಾವಣಿ. ನಮಗೂ ನಷ್ಟವೇ. ಹಾಡುವವರ ಜೊತೆಗೆ ನೆಲವೂ ದನಿ ತೆಗೆದರೆ ಹಾಡು ಕಲಕಿಹೋಗುತ್ತದೆ. "ಪೆಟ್ಟಿಗೆಗೂ ನೆಲಕ್ಕೂ ಸಂಬಂಧ ಬಿಡಿಸಬೇಕು ಆಂಟೀ, ಅಷ್ಟೇ."

ಬಿಡಿಸಿದ್ದು ಸ್ಕೂಟರಿನ ಟ್ಯೂಬುಗಳು. ಪಂಚರ್ ಅಂಗಡಿಯಿಂದ ಹಳೆಯವೆರಡನ್ನು ತಂದು, ಕಾಲಿನ ಪಂಪಿನಿಂದ ಅರ್ಧಂಬರ್ಧ ಗಾಳಿ ತುಂಬಿ ನೆಲದ ಮೇಲಿಟ್ಟ. ಅವುಗಳ ಮೇಲೆ ಒಂದೊಂದು ಚೌಕ ಶಹಾಬಾದ್ ಕಲ್ಲು. ಮೋಹನ, ಅವನು ಸೇರಿ ಪೆಟ್ಟಿಗೆಗಳನ್ನು ಆ ಕಲ್ಲುಗಳ ಮೇಲೇರಿಸಿದರು. ಬೆರಳಿಂದ ದೂಡಿದರೆ ಅಷ್ಟು ದೊಡ್ಡ ಪೆಟ್ಟಿಗೆ ತೊಟ್ಟಿಲ ಹಾಗೆ ತೂಗುತ್ತಿತ್ತು.

"ಪಂಚರ್ ಆದ್ರ ಹಾಡೂ ನಿಂದರತಾವೇನು?" ಅತ್ತೆ ಕೇಳಿದರು.

ಕ್ಯಾಸೆಟ್ ಹಚ್ಚಿದೆವು. ಎಂಟು ವರ್ಷ ಆ ಮನೆಯಲ್ಲಿದ್ದು ಆ ಹಾಡುಗಳನ್ನು ನಾನು ಕೇಳಿಯೇ ಇರಲಿಲ್ಲ ಎನಿಸಿತು. ಡಗ್ಗಾದ ಗುಮ್ಮೆನ್ನುವ ಮೋಡ ಚದುರಿ, ಅದರ ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ಹೊರಬಂದರು. ಹಾರ್ಮೋನಿಯಂನ ತಿದಿಯ ಉಸಿರು, ತಾಳದ ಅಂಚು, ಯಾರೋ ಕೆಮ್ಮಿದ್ದು, ದೂರದಲ್ಲಿ ಒಂದು ಎಮ್ಮೆ. ಡಗ್ಗಾವೂ ಈಗ ಬರೀ ಗುಡುಗಲ್ಲ, ಚರ್ಮದ ಮೇಲೆ ಅಂಗೈ ಜಾರುವುದೂ ಕೇಳುತ್ತಿತ್ತು. ಕೆಳಗೆ ಓಡಿಹೋದ ಸಾಯಿಕುಮಾರ ಮತ್ತೆ ಮೇಲೆ ಬಂದು ಎರಡೂ ಕೈ ಎತ್ತಿದ. ಏನೂ ಇಲ್ಲ! ಮಾಣಿಕಪ್ಪನವರಿಗೆ ಅವನೇ ಹೇಳಿದ. ಪೆಟ್ಟಿಗೆಗಳು ಉಳಿದವು. ಬಹಳ ದಿನಗಳ ಮೇಲೆ ನನಗೆ ನನ್ನ ಬಗ್ಗೆ ಹೆಮ್ಮೆಯಾಯಿತು.

ಅದು ಗುರುವಾರದವರೆಗೆ ಮಾತ್ರ.

ಗುರುವಾರ ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಅತ್ತೆ ಎಂದಿನ ಜಾಗದಲ್ಲಿ, ಬೆರಳಲ್ಲಿ ತಾಳ, ಸಣ್ಣಗೆ ತಲೆದೂಗುವುದು. ಕ್ಯಾಸೆಟ್ಟಿನ ಒಂದು ಬದಿ ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು. ಮನೆ ನಿಶ್ಶಬ್ದವಾಯಿತು. ಅತ್ತೆಯ ಬೆರಳುಗಳು ನಿಲ್ಲಲಿಲ್ಲ. ತಲೆಯೂ ನಿಲ್ಲಲಿಲ್ಲ. ನಾನು ಒರೆಸುತ್ತಿದ್ದ ತಟ್ಟೆ ಹಿಡಿದು ನಿಂತೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಅವರು ಕ್ಯಾಸೆಟ್ಟಿನ ಚಕ್ರಗಳತ್ತ ನೋಡಿದರು. ಅವು ತಿರುಗುತ್ತಿರಲಿಲ್ಲ. ಗಾಬರಿಯಿಂದ ನನ್ನ ಕಡೆ ತಿರುಗಿದರು, ನಾನು ನೋಡಿದೆನೇ ಎಂದು. ಮುಖ ತಿರುಗಿಸಲು ನನಗೆ ತಡವಾಯಿತು.

ಹೋಗಿ ಅವರೆದುರು ಕೂತೆ. ಏನೆಂದು ಕೇಳುವುದು? ಕೊನೆಗೆ, "ಅತ್ತೀ, ಹಾಡು ಕೇಳಸ್ತಾವೇನ್ರಿ?" ಎಂದೆ.

ಅವರು ನನ್ನ ತುಟಿಗಳನ್ನು ನೋಡುತ್ತಿದ್ದರು. "ನೀ ಮೊದಲ ಸಣ್ಣಗ ಮಾತಾಡಾಕಿ," ಎಂದರು. "ಅದರಾಗ ಮಾರಿ ತಿರುವಿ ಮಾತಾಡ್ತಿ. ಏನಂತ ಓ ಅನ್ನಲಿ ನಿನಗ?"

ನನ್ನ ಅನುಮಾನಗಳೆಲ್ಲ ಅಲ್ಲಿಯೇ, ಆ ಮೊರದ ಪಕ್ಕದಲ್ಲಿ ಬಿದ್ದುಹೋದವು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ನನ್ನ ದನಿಯೇ ಅವರನ್ನು ಮುಟ್ಟುತ್ತಿರಲಿಲ್ಲ.

"ಯಾವಾಗಿಂದ್ರಿ?"

"ಅವರು ಹೋಗೋ ಮುಂದ ಶುರು ಆಗಿತ್ತು. ಈಗ ಎರಡ ವರ್ಷ ಆತು, ಹಾಡು ಬರೂದ ಬಿಟ್ಟಾವು. ಆದ್ರ ನೆಲದಾಗ ಅವರ ಕೈ ಬರ್ತಿತ್ತು." ಅಂಗೈಯನ್ನು ಕಲ್ಲಿನ ಮೇಲೆ ಒತ್ತಿದರು. "ಕಾಲಿಗೆ, ಬೆನ್ನಿಗೆ ಬರ್ತಿತ್ತು. ಯಾವ ಪದ ಅಂತ ಅದರಿಂದ ತಿಳೀತಿತ್ತು. ಈಗ ನೆಲ ಸುಮ್ಮನ ಐತಿ."

ಹೆದರಿಕೆಯೆಂಬುದು ನನಗೆ ಹೊಸದಲ್ಲ, ಆದರೆ ನಾನೇ ಮಾಡಿದ್ದರ ಬಗ್ಗೆ ಹಾಗೆ ಹೆದರಿದ್ದು ಅದೇ ಮೊದಲು. "ಈಗಿಂದೀಗ ಟ್ಯೂಬ್ ತಗಸ್ತೀನಿ," ಎಂದು ಎದ್ದೆ.

ಸೆರಗು ಹಿಡಿದು ಕೂಡಿಸಿದರು. "ಬ್ಯಾಡ. ಆ ಹುಡುಗ ರಾತ್ರೆಲ್ಲಾ ದುಡಿದು ಬಂದು ಮಲಗಿರ್ತಾನ. ಪೆಟ್ಟಿಗಿ ಹೊರಗ ಹೋಗೂದಕಿಂತ ಇದ ಛಲೋ. ನಾ ನೋಡಿಕೋತ ಕೂಡತೀನಿ." ಮತ್ತೆ, "ಮೋಹನಗ ಹೇಳಬ್ಯಾಡ. ಕಿವುಡಿ ಅಂತ ತಿಳದರ ಮಂದಿ ಮಾತಾಡ್ಸೂದ ಬಿಡ್ತಾರ," ಎಂದರು.

ಮೂರು ವಾರ ಹೇಳದೆ ಇದ್ದೆ. ಆಮೇಲೆ ಅವರನ್ನೇ ಒಪ್ಪಿಸಿ ಹೇಳಿದೆ. ಡಾಕ್ಟರ ಬಳಿ ಹೋದೆವು, ಕಿವಿಗೆ ಮಷೀನು ಬಂತು. ಅದು ಹಾಲಿನವನ ಗಂಟೆ ಕೊಟ್ಟಿತು, ಫೋನು ಕೊಟ್ಟಿತು, ನನ್ನ ದನಿಯನ್ನೂ ಕೊಟ್ಟಿತು. ಡಗ್ಗಾ ಕೊಡಲಿಲ್ಲ.

ಡಗ್ಗಾ ಸಿಕ್ಕಿದ್ದು ಅದಕ್ಕೂ ಮೊದಲು, ಕಸ ಗುಡಿಸುವಾಗ. ಕ್ಯಾಸೆಟ್ ನಡೆಯುತ್ತಿತ್ತು. ಪೆಟ್ಟಿಗೆಯ ಕೆಳಗಿನ ಕಲ್ಲಿನ ಅಂಚಿಗೆ ನನ್ನ ಬೆರಳು ತಾಗಿತು. ಕಲ್ಲು ಝುಮ್ಮೆನ್ನುತ್ತಿತ್ತು. ನಾಲ್ಕು ಬೆರಳು ಕೆಳಗಿನ ನೆಲ ತಣ್ಣಗಿತ್ತು. ಅಲುಗಾಟ ಎಲ್ಲಿಯೂ ಹೋಗಿರಲಿಲ್ಲ, ಆ ಸಣ್ಣ ಕಲ್ಲಿನ ಮೇಲೆ ಸಿಕ್ಕಿಕೊಂಡಿತ್ತು. ಅತ್ತೆಯನ್ನೂ ಅಲ್ಲಿ ಹತ್ತಿಸಲು ಜಾಗ ಇರಲಿಲ್ಲ, ಅಷ್ಟೇ.

ನಮ್ಮ ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು. ಅಲ್ಲಿನ ಮೇಸ್ತ್ರಿ ಗೊಲ್ಲಾಳಪ್ಪ ಸುರಪುರದ ಕಡೆಯವನು, ನಮ್ಮಲ್ಲಿಂದ ಕುಡಿಯುವ ನೀರು ಒಯ್ಯುತ್ತಿದ್ದ. ಸ್ಲ್ಯಾಬಿಗೆ ಹಾಕುವ ಸೆಂಟ್ರಿಂಗ್ ಹಲಗೆ ಒಂದು ಬೇಕು, ಇಬ್ಬರು ಕೂಡುವಷ್ಟು ಅಗಲ ಎಂದೆ.

"ಯಾಕ್ರೀ ಯಕ್ಕಾ, ಮದುವಿ ಐತೇನು?"

"ಇಲ್ಲಪಾ. ನಮ್ಮತ್ತಿಗೆ ಕೂಡಾಕ."

"ಕೂಡಾಕ ಸ್ಲ್ಯಾಬ್ ಹಲಗೀನ? ನಿಮ್ಮತ್ತಿ ಆನಿ ಅದಾರೇನ್ರಿ?" ಎಂದರೂ ಸಂಜೆ ದಪ್ಪ ಪ್ಲೈವುಡ್ಡಿನ ಹಲಗೆಯನ್ನು ಹೊತ್ತು ತಂದ. ಅಂಟಿದ್ದ ಸಿಮೆಂಟನ್ನು ತಾನೇ ಕೆರೆದು ಕೊಟ್ಟ. ಸಾಯಿಕುಮಾರನಿಗೆ ನಾನು ಕಾರಣ ಹೇಳಲಿಲ್ಲ, ಅಗಲ ಬೇಕು ಎಂದಷ್ಟೇ ಹೇಳಿದೆ. ಅವನು ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, ಏನನ್ನೂ ಕೇಳದೆ ಇನ್ನೂ ಮೂರು ಟ್ಯೂಬು ತಂದ. ಕೆಳಗೆ ನಾಲ್ಕು ಟ್ಯೂಬು, ಮೇಲೆ ಹಲಗೆ, ಹಲಗೆಯ ಒಂದು ತುದಿಗೆ ಒಂದು ಪೆಟ್ಟಿಗೆ, ಉಳಿದದ್ದು ಅತ್ತೆಗೆ. ಇನ್ನೊಂದು ಪೆಟ್ಟಿಗೆ ತನ್ನ ಕಲ್ಲಿನ ಮೇಲೆಯೇ ಇತ್ತು.

ಮರುದಿನ ಮಧ್ಯಾಹ್ನ ಅತ್ತೆ ನನ್ನ ಭುಜ ಹಿಡಿದು ಹತ್ತಿದರು. ಹಲಗೆ ಅತ್ತಿತ್ತ ವಾಲಿತು. "ಯವ್ವಾ, ಹರಗೋಲದಾಗ ಕುಂತಂಗ ಆತು," ಎಂದು ಪೆಟ್ಟಿಗೆಯನ್ನು ತಬ್ಬಿ ಹಿಡಿದರು. ಕೆಳಗಿನವರು ಮಲಗಿದ್ದರು. ಕ್ಯಾಸೆಟ್ ಹಚ್ಚಿ ನಾನು ಬರಿಗಾಲಲ್ಲಿ ನೆಲದ ಮೇಲೆ ನಿಂತೆ. ಅಂಗಾಲಿಗೆ ಏನೂ ಬರಲಿಲ್ಲ. ಕಸಬರಿಗೆಯ ಹಿಡಿಯ ಬಡಿತಕ್ಕೆ ಕಾದೆ. ಅದೂ ಬರಲಿಲ್ಲ.

ಅತ್ತೆ ಕಾಲು ಚಾಚಿದರು. ಮೊರ ಪಕ್ಕಕ್ಕಿಟ್ಟರು. ಮೊದಲ ಪದ ಅರ್ಧವಾಗುವ ತನಕ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಪದ ಮೇಲಕ್ಕೆ ಏರಿ, ತಾಳ ಚುರುಕಾಗುವ ಒಂದು ಕಡೆ, ಅವರ ಹುಬ್ಬು ಗಂಟಿಕ್ಕಿತು. ಅಂಗೈಯಿಂದ ಹಲಗೆಯನ್ನು ಎರಡು ಸಲ ತಟ್ಟಿ, ಪೆಟ್ಟಿಗೆಗೇ ಹೇಳಿದರು, "ನಿಧಾನ್ರೀ! ಇಲ್ಲಿ ಬಂದಕೂಡ್ಲೆ ಓಡಾಕ ಹತ್ತತೀರಿ. ಹಾಡವರು ಹಿಂದ ಉಳದಾರ, ನೋಡ್ರಿ."

ನಾನು ಕಿವಿಗೊಟ್ಟು ಕೇಳಿದೆ. ಖರೆ, ಮಾವ ಓಡುತ್ತಿದ್ದರು.